‘ಕಾಂಪಿಟೆಂಟ್ ಅಥಾರಿಟಿ’ ಅಂದರೆ ಜಾಣ ಅಧಿಕಾರಿ ಅಂತಲಾ?

ನಿಮ್ಮ ಪ್ರಶ್ನೆಯನ್ನು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ತಂದೆಯವರು ತೀರಿಕೊಂಡ ಮೇಲೆ ಅವರ ಖಾತೆಯಲ್ಲಿದ್ದ ಹಣಕ್ಕಾಗಿ ಬ್ಯಾಂಕಿಗೆ ಹೋಗಿದ್ದೀರಿ. ನಾಮಿನಿ ಹೆಸರು ಇಲ್ಲ. ಬ್ಯಾಂಕಿನವರು ಇಂಗ್ಲಿಷಿನಲ್ಲಿ ಒಂದು ಪತ್ರ ಕೊಟ್ಟು, ‘ಕಾಂಪಿಟೆಂಟ್ ಅಥಾರಿಟಿ’ ಕೊಟ್ಟ ವಾರಸುದಾರರ ಪ್ರಮಾಣಪತ್ರ ತನ್ನಿ ಅಂದಿದ್ದಾರೆ. ಡಿಕ್ಷನರಿಯಲ್ಲಿ ನೋಡಿದರೆ ಕಾಂಪಿಟೆಂಟ್ ಅಂದರೆ ಸಮರ್ಥ, ದಕ್ಷ ಅಂತ ಇದೆ. ‘ಹಾಗಾದರೆ ದಕ್ಷ ಅಲ್ಲದ ಅಧಿಕಾರಿ ಕೊಟ್ಟ ಸರ್ಟಿಫಿಕೇಟ್ ನಡೆಯಲ್ವಾ? ಯಾರು ದಕ್ಷ ಅಂತ ನಾನು ಹೇಗೆ ಕಂಡುಹಿಡಿಯಲಿ?’ ಅಂತ ಕೇಳಿದ್ದೀರಿ.

ನಗು ಬಂತು ನಿಜ. ಆದರೆ ನಿಮ್ಮನ್ನು ನೋಡಿ ಅಲ್ಲ. ಇದೇ ಪದ ನನಗೂ ಒಮ್ಮೆ ನೀರು ಕುಡಿಸಿದೆ, ಅದು ನೆನಪಾಯಿತು.

ಮೊದಲು ನೇರ ಉತ್ತರ. ಇಲ್ಲಿ ಕಾಂಪಿಟೆಂಟ್ ಅನ್ನುವುದು ಮನುಷ್ಯನ ಬುದ್ಧಿಗೆ ಹೇಳಿದ ಮಾತಲ್ಲ, ಅವರು ಕೂತಿರುವ ಕುರ್ಚಿಗೆ ಹೇಳಿದ ಮಾತು. ಒಂದು ಕೆಲಸ ಮಾಡಲು ಕಾನೂನು ಯಾವ ಕುರ್ಚಿಗೆ ಅಧಿಕಾರ ಕೊಟ್ಟಿದೆಯೋ ಅದು ಕಾಂಪಿಟೆಂಟ್. ಅದರಲ್ಲಿ ಕೂತವರು ಜಾಣರೋ ದಡ್ಡರೋ, ಹತ್ತು ಗಂಟೆಗೆ ಬರುತ್ತಾರೋ ಹನ್ನೆರಡಕ್ಕೆ ಬರುತ್ತಾರೋ, ಅದು ಬೇರೆ ಮಾತು. ಕಚೇರಿಗಳಲ್ಲಿ ಬಾಯಿಮಾತಿನಲ್ಲಿ ಇದನ್ನೇ ‘ಪವರ್ ಇರೋದು ಎಸಿ ಸಾಹೇಬ್ರಿಗೆ’ ಅಂತಲೋ ‘ಅದು ನಮ್ ವ್ಯಾಪ್ತಿಗೆ ಬರಲ್ಲ’ ಅಂತಲೋ ಹೇಳುತ್ತಾರೆ. ಆ ಪವರ್, ಆ ವ್ಯಾಪ್ತಿ, ಅಷ್ಟೇ ಕಾಂಪಿಟೆಂಟ್.

ಈಗ ನನ್ನ ಕಥೆ. ಒಂದು ತಾಲ್ಲೂಕು ಕಚೇರಿಯಲ್ಲಿ ನಾನು ದ್ವಿತೀಯ ದರ್ಜೆ ಸಹಾಯಕನಾಗಿ ಸೇರಿ ಆರು ತಿಂಗಳೂ ಆಗಿರಲಿಲ್ಲ. ಒಬ್ಬರು ಯಜಮಾನರು ಅರ್ಜಿ ಕೊಟ್ಟಿದ್ದರು. ಒಟ್ಟು ಕುಟುಂಬದ ಜಮೀನನ್ನು ತಮ್ಮ ಯಾರಿಗೋ ಮಾರಿಬಿಟ್ಟಿದ್ದಾನೆ, ಆ ಕ್ರಯಪತ್ರ ರದ್ದು ಮಾಡಿ, ಜಮೀನು ನನ್ನದು ಅಂತ ತಹಶೀಲ್ದಾರರು ಬರೆದುಕೊಡಲಿ ಅಂತ. ತಹಶೀಲ್ದಾರರು ಅದನ್ನು ಮಾಡುವ ಹಾಗಿಲ್ಲ. ಜಮೀನಿನ ಹಕ್ಕು ಯಾರದು, ಕ್ರಯಪತ್ರ ಸರಿಯೋ ತಪ್ಪೋ ಅನ್ನುವುದನ್ನು ತೀರ್ಮಾನಿಸಬೇಕಾದ್ದು ಸಿವಿಲ್ ಕೋರ್ಟು. ಇಂಥ ಅರ್ಜಿಗೆ ಒಂದು ಹಿಂಬರಹ ಕೊಟ್ಟು ಕಳಿಸುವುದು ರೂಢಿ. ಹಳೇ ಕಡತದಲ್ಲಿದ್ದ ವಾಕ್ಯವನ್ನು ನೋಡಿಕೊಂಡು ನಾನೂ ಒಂದು ಬರೆದೆ: ‘ಈ ವಿಷಯದಲ್ಲಿ ತೀರ್ಮಾನ ಕೈಗೊಳ್ಳಲು ಈ ಕಚೇರಿಯು ಸಕ್ಷಮವಾಗಿರುವುದಿಲ್ಲ.’ ಸಹಿಯೂ ಆಯಿತು, ಸೀಲೂ ಬಿತ್ತು.

ಯಜಮಾನರು ಅದನ್ನು ಕೌಂಟರ್ ಹತ್ತಿರವೇ ನಿಂತು ಓದಿದರು. ಆಮೇಲೆ ಇನ್ನೊಂದು ಸಲ, ಎಲ್ಲರಿಗೂ ಕೇಳುವ ಹಾಗೆ ಓದಿದರು. ‘ನೋಡ್ರಪ್ಪಾ, ಇವ್ರೇ ಸೀಲ್ ಹೊಡ್ದು ಬರ್ಕೊಟ್ಟವ್ರೆ, ನಮ್ ಕೈಲಾಗಲ್ಲ ಅಂತ!’ ಪಹಣಿಗೆ ಕ್ಯೂ ನಿಂತಿದ್ದವರೆಲ್ಲ ಘೊಳ್ಳೆಂದು ನಕ್ಕರು. ಶಿರಸ್ತೇದಾರರು ನನ್ನನ್ನು ಒಳಗೆ ಕರೆದರು. ಬೈಯಲಿಲ್ಲ. ಕಚೇರಿ ಪ್ರತಿ ತೆಗೆದುಕೊಂಡು, ಪೆನ್ಸಿಲಿನಲ್ಲಿ ‘ಸಕ್ಷಮವಾಗಿರುವುದಿಲ್ಲ’ ಅನ್ನುವುದರ ಕೆಳಗೆ ಗೆರೆ ಎಳೆದು, ಪಕ್ಕದಲ್ಲಿ ‘ಈ ಕಚೇರಿಗೆ ಅಧಿಕಾರ ಇರುವುದಿಲ್ಲ, ಸಿವಿಲ್ ನ್ಯಾಯಾಲಯಕ್ಕೆ ಹೋಗುವುದು’ ಅಂತ ಬರೆದರು. ‘ಇನ್ಮೇಲೆ ಹೀಗೆ ಬರಿ. ಎಲ್ಲಿಗೆ ಹೋಗ್ಬೇಕು ಅಂತಾನೂ ಬರಿ’ ಅಂದರು. ಹೊಸ ಹಿಂಬರಹ ತೆಗೆದುಕೊಂಡ ಯಜಮಾನರು ಹೊರಡುವಾಗ ಸುಮ್ನೆ ಹೋಗಲಿಲ್ಲ. ‘ಅಧಿಕಾರ ಇಲ್ಲ ಅಂದ್ಮೇಲೆ ಅಷ್ಟು ದೊಡ್ಡ ಬೋರ್ಡ್ ಯಾಕ್ರಪ್ಪಾ?’ ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ನೋಡಿ, ತಪ್ಪು ಇಂಗ್ಲಿಷಿನದು ಮಾತ್ರ ಅಲ್ಲ. ಕನ್ನಡಕ್ಕೆ ತಂದಾಗಲೂ ಆ ಗೊಂದಲ ಪದದ ಜೊತೆಗೇ ಬಂತು. ಕಾಂಪಿಟೆಂಟ್ ಅನ್ನುವುದಕ್ಕೆ ನಮ್ಮ ಸರ್ಕಾರಿ ಕನ್ನಡದಲ್ಲಿ ‘ಸಕ್ಷಮ’ ಅಂತಾರೆ. ಕ್ಷಮ ಅಂದರೂ ತಾಳಬಲ್ಲ, ಮಾಡಬಲ್ಲ ಅಂತಲೇ. ಕ್ಷಮತೆ, ಕ್ಷಮೆ ಎಲ್ಲ ಅದೇ ಬೇರಿನಿಂದ ಬಂದವು. ಹಾಗಾಗಿ ‘ಸಕ್ಷಮವಲ್ಲ’ ಅಂದರೆ ಯಾರಿಗಾದರೂ ‘ಕೈಲಾಗಲ್ಲ’ ಅಂತಲೇ ಕೇಳಿಸುತ್ತದೆ. ಯಜಮಾನರ ಕನ್ನಡ ಸರಿಯಾಗಿಯೇ ಇತ್ತು. ಇನ್ನು ‘ಪ್ರಾಧಿಕಾರ’ ಬೇರೆ ಸೇರಿತೋ, ಮುಗಿಯಿತು. ಪ್ರಾಧಿಕಾರ ಅಂದ ಕೂಡಲೇ ನಮಗೆ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಥರದ ದೊಡ್ಡ ಕಟ್ಟಡ ಕಣ್ಣಮುಂದೆ ಬರುತ್ತದೆ. ‘ಸಕ್ಷಮ ಪ್ರಾಧಿಕಾರದ ಆಫೀಸ್ ಎಲ್ಲಿದೆ ಸಾರ್, ಯಾವ ಬಸ್ಸು?’ ಅಂತ ನನ್ನನ್ನೇ ಕೇಳಿದವರಿದ್ದಾರೆ. ಅಂಥ ಒಂದು ಆಫೀಸು ಎಲ್ಲೂ ಇಲ್ಲ. ಅಥಾರಿಟಿ ಅಂದರೆ ಒಬ್ಬ ಅಧಿಕಾರಿಯೂ ಆಗಬಹುದು, ಒಂದು ಸಮಿತಿಯೂ ಆಗಬಹುದು, ಕೋರ್ಟೂ ಆಗಬಹುದು.

ಇಂಗ್ಲಿಷಿಗೆ ಈ ಅರ್ಥ ಎಲ್ಲಿಂದ ಬಂತು ಅಂತ ನೋಡಿದರೆ ಗೊಂದಲ ಸ್ವಲ್ಪ ಕರಗುತ್ತದೆ. ಮೂಲ ಲ್ಯಾಟಿನ್ನಿನ ‘ಕೊಂಪೆತೆರೆ’. ‘ಕೊಂ’ ಅಂದರೆ ಒಟ್ಟಿಗೆ, ‘ಪೆತೆರೆ’ ಅಂದರೆ ಅರಸಿ ಹೋಗುವುದು, ಬೇಡುವುದು. ನಾವು ದಿನಾ ಹಾಕುವ ‘ಪಿಟಿಷನ್’ ಕೂಡ ಈ ಪೆತೆರೆಯ ಮಗುವೇ. ಒಟ್ಟಿಗೆ ಬಂದು ಸೇರುವುದು ಅನ್ನುವುದರಿಂದ ಒಂದಕ್ಕೊಂದು ಹೊಂದುವುದು, ತಕ್ಕುದಾಗಿರುವುದು ಅನ್ನುವ ಅರ್ಥ ಹುಟ್ಟಿತು. ಈ ಕೆಲಸಕ್ಕೆ ಈ ಕುರ್ಚಿ ತಕ್ಕದ್ದು, ಈ ವ್ಯಾಜ್ಯಕ್ಕೆ ಈ ಕೋರ್ಟು ತಕ್ಕದ್ದು. ಫ್ರೆಂಚರು ಇವತ್ತಿಗೂ ಕೋರ್ಟಿನ ಮಾತಿನಲ್ಲಿ ಆ ಪದವನ್ನು ಹೀಗೇ ಬಳಸುತ್ತಾರೆ. ಇಂಗ್ಲಿಷಿನಲ್ಲಿ ದಿನಬಳಕೆಯ ಅರ್ಥ ಜಾಣತನದ ಕಡೆಗೆ ವಾಲಿತು, ಕಾನೂನಿನ ಅರ್ಥ ಇದ್ದಲ್ಲೇ ಉಳಿಯಿತು. ನಮಗೆ ಶಾಲೆಯಲ್ಲಿ ಕಲಿಸಿದ್ದು ಮೊದಲನೆಯದು. ಬದುಕಿನಲ್ಲಿ ಎದುರಾಗುವುದು ಎರಡನೆಯದು.

ಎರಡೂ ಅರ್ಥಗಳು ಎಷ್ಟು ದೂರ ಅಂತ ತಿಳಿಯಲು ನನಗೆ ಇಷ್ಟವಾದ ಉದಾಹರಣೆ 1872ರ ಭಾರತೀಯ ಕರಾರು ಕಾಯ್ದೆಯ 11ನೇ ಸೆಕ್ಷನ್. ಕರಾರು ಮಾಡಿಕೊಳ್ಳಲು ಯಾರು ಕಾಂಪಿಟೆಂಟ್ ಅಂತ ಅದು ಹೇಳುತ್ತದೆ. ವಯಸ್ಕರಾಗಿರಬೇಕು, ಬುದ್ಧಿ ಸ್ಥಿಮಿತದಲ್ಲಿರಬೇಕು, ಬೇರೆ ಯಾವ ಕಾನೂನೂ ಅವರನ್ನು ತಡೆದಿರಬಾರದು. ಅಷ್ಟೇ. ಈಗ ಗಣಿತದಲ್ಲಿ ನೂರಕ್ಕೆ ನೂರು ತೆಗೆದ, ಚಕ್ರಬಡ್ಡಿಯನ್ನು ಬಾಯಲ್ಲೇ ಲೆಕ್ಕ ಹಾಕುವ 17 ವರ್ಷದ ಹುಡುಗಿ ಇದ್ದಾಳೆ ಅನ್ನಿ. ಸಾಲದ ಕರಾರಿಗೆ ಅವಳು ಕಾಂಪಿಟೆಂಟ್ ಅಲ್ಲ. ಬಡ್ಡಿ ಅಂದರೇನು ಅಂತಲೂ ತಿಳಿಯದ ಅವಳ 19 ವರ್ಷದ ಅಣ್ಣ ಕಾಂಪಿಟೆಂಟ್. 1903ರಲ್ಲಿ, ಆಗಿನ ಕಾಲಕ್ಕೆ ನಮ್ಮ ಕೊನೆಯ ಮೇಲ್ಮನವಿ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಮೊಹರಿ ಬೀಬಿ ಪ್ರಕರಣದಲ್ಲಿ ಇದನ್ನು ಖಡಾಖಂಡಿತವಾಗಿ ಹೇಳಿತು. ವಯಸ್ಕನಲ್ಲದವನು ಮನೆ ಅಡವಿಟ್ಟು ಸಾಲ ತೆಗೆದಿದ್ದ. ಆ ಅಡಮಾನ ಮೊದಲಿನಿಂದಲೇ ಇಲ್ಲದ್ದಕ್ಕೆ ಸಮ ಅಂತಾಯಿತು. ಕಾನೂನು ಓದುವ ಮಕ್ಕಳಿಗೆ ಇವತ್ತಿಗೂ ಇದೇ ಮೊದಲ ಪಾಠ.

ಇನ್ನೊಂದು ಮುಖ್ಯ ಸಂಗತಿ. ಕಾಂಪಿಟೆಂಟ್ ಅನ್ನುವುದು ಒಂಟಿಯಾಗಿ ನಿಲ್ಲುವ ಪದ ಅಲ್ಲ. ‘ಯಾವುದಕ್ಕೆ?’ ಅಂತ ಕೇಳದೆ ಅದಕ್ಕೆ ಅರ್ಥವೇ ಇಲ್ಲ. ಒಂದೊಂದು ಕಾಯ್ದೆಯಲ್ಲಿ ಅದಕ್ಕೆ ಒಂದೊಂದು ವೇಷ. 2005ರ ಮಾಹಿತಿ ಹಕ್ಕು ಕಾಯ್ದೆ ತೆಗೆಯಿರಿ. ಅದರ 2(ಇ) ಪ್ರಕಾರ ‘ಸಕ್ಷಮ ಪ್ರಾಧಿಕಾರ’ ಅಂದರೆ ರಾಷ್ಟ್ರಪತಿ, ರಾಜ್ಯಪಾಲರು, ಲೋಕಸಭೆ ಮತ್ತು ವಿಧಾನಸಭೆಯ ಸ್ಪೀಕರ್, ಸುಪ್ರೀಂ ಕೋರ್ಟು ಮತ್ತು ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಗಳು, ಹೀಗೆ. ಆಯಾ ಸಂಸ್ಥೆಯಲ್ಲಿ ಮಾಹಿತಿ ಕೊಡುವುದಕ್ಕೆ ನಿಯಮ ಮಾಡುವ ಅಧಿಕಾರ ಅವರದು. ನೀವು ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಹಚ್ಚಿ ಅರ್ಜಿ ಕೊಡುವುದು ಇವರಿಗಲ್ಲ, ಸಾರ್ವಜನಿಕ ಮಾಹಿತಿ ಅಧಿಕಾರಿಗೆ. ಹೆದ್ದಾರಿಗೆ ಜಮೀನು ಕೊಟ್ಟವರನ್ನು ಕೇಳಿ, ಅವರ ಸಕ್ಷಮ ಪ್ರಾಧಿಕಾರವೇ ಬೇರೆ. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಲ್ಲಿ ಕೇಂದ್ರ ಸರ್ಕಾರ ಗೆಜೆಟ್ ಅಧಿಸೂಚನೆ ಹೊರಡಿಸಿ, ಇಂಥ ಪ್ರದೇಶಕ್ಕೆ ಇಂಥವರು ಅಂತ ನೇಮಿಸುತ್ತದೆ. ಪರಿಹಾರದ ಮೊತ್ತ ನಿಗದಿ ಮಾಡುವುದು ಅವರೇ. ಒಪ್ಪದಿದ್ದರೆ ಮಧ್ಯಸ್ಥಗಾರರ ಹತ್ತಿರ ಹೋಗಬೇಕು.

2019ರಲ್ಲಿ ಬೆಂಗಳೂರಿನ ಐಎಂಎ ಅನ್ನುವ ಹೂಡಿಕೆ ಕಂಪನಿ ಮುಳುಗಿದಾಗ ಹಣ ಕಳೆದುಕೊಂಡವರ ಬಾಯಲ್ಲೂ ಈ ಪದ ಓಡಾಡಿತು. ಠೇವಣಿದಾರರ ಹಿತ ಕಾಪಾಡಲು ಕರ್ನಾಟಕದಲ್ಲಿ 2004ರ ಕಾಯ್ದೆಯೊಂದಿದೆ, ಅದರಡಿ ಸರ್ಕಾರ ಒಬ್ಬ ಅಧಿಕಾರಿಯನ್ನು ಸಕ್ಷಮ ಪ್ರಾಧಿಕಾರ ಅಂತ ನೇಮಿಸಿತು. ಜನ ಕ್ಲೇಮ್ ಅರ್ಜಿ ಹಾಕಿದ್ದು ಅಲ್ಲಿಗೆ.

ಎಲ್ಲಕ್ಕಿಂತ ತಮಾಷೆ, ಸರ್ಕಾರಿ ಸೇವೆ ಹೊತ್ತಿಗೆ ಸರಿಯಾಗಿ ಸಿಗಲಿ ಅಂತ ಮಾಡಿದ ನಮ್ಮ ಸಕಾಲ ಕಾಯ್ದೆಯದು. ನಾಡಕಚೇರಿಯ ಗೋಡೆ ಮೇಲಿನ ಸಕಾಲ ಬೋರ್ಡು ನೋಡಿದ್ದೀರಲ್ವಾ? ಸೇವೆ ಯಾವುದು, ಎಷ್ಟು ದಿನದಲ್ಲಿ ಆಗಬೇಕು, ಯಾರು ಮಾಡಿಕೊಡಬೇಕು ಅಂತೆಲ್ಲ ಬರೆದಿರುತ್ತದೆ. ಅದರಲ್ಲಿ ‘ಸಕ್ಷಮ ಅಧಿಕಾರಿ’ ಅಂತ ಒಂದು ಕಾಲಂ ಇರುತ್ತದೆ. ಮೊದಲ ಸಲ ಓದಿದವರು ಇವರೇ ಸರ್ಟಿಫಿಕೇಟ್ ಕೊಡುವವರು ಅಂದುಕೊಳ್ಳುತ್ತಾರೆ. ಅಲ್ಲ. 2011ರ ಆ ಕಾಯ್ದೆಯಲ್ಲಿ ಸಕ್ಷಮ ಅಧಿಕಾರಿ ಅಂದರೆ, ಕೆಲಸ ಹೊತ್ತಿಗೆ ಸರಿಯಾಗಿ ಆಗದಿದ್ದರೆ ನೀವು ಮೊದಲ ಮೇಲ್ಮನವಿ ಹಾಕಬೇಕಾದವರು. ಅಲ್ಲಿ ಅವರು ಮೇಲ್ಮನವಿ ಕೇಳಲು ಸಕ್ಷಮ. ‘ಯಾವುದಕ್ಕೆ?’ ಅನ್ನುವ ಪ್ರಶ್ನೆ ಬಿಟ್ಟರೆ ಹೀಗೆ ತಪ್ಪು ಬಾಗಿಲಲ್ಲಿ ಕ್ಯೂ ನಿಲ್ಲಬೇಕಾಗುತ್ತದೆ.

ಸಹಿ ಯಾರು ಹಾಕಿದರೇನು, ಕೆಲಸ ಆದರೆ ಸಾಕಲ್ವಾ ಅಂತ ಕೇಳಬಹುದು. ಆಗಲ್ಲ. ಅಧಿಕಾರ ಇಲ್ಲದ ಕೋರ್ಟು ಕೊಟ್ಟ ಡಿಕ್ರಿ ಶೂನ್ಯ ಅಂತ ಸುಪ್ರೀಂ ಕೋರ್ಟು 1954ರಲ್ಲೇ ಕಿರಣ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ತೀರ್ಪು ನ್ಯಾಯವಾಗಿದೆಯೋ ಇಲ್ಲವೋ ಅನ್ನುವ ಮಾತೇ ಅಲ್ಲಿ ಏಳುವುದಿಲ್ಲ. ಸಂವಿಧಾನದ 311ನೇ ವಿಧಿಯೂ ಇದೇ ಜಾಡಿನದು. ಸರ್ಕಾರಿ ನೌಕರನನ್ನು ನೇಮಿಸಿದ ಅಧಿಕಾರಿಗಿಂತ ಕೆಳಗಿನವರು ಅವನನ್ನು ವಜಾ ಮಾಡುವ ಹಾಗಿಲ್ಲ. ಅವನು ನೂರು ತಪ್ಪು ಮಾಡಿರಲಿ, ವಿಚಾರಣೆ ಸರಿಯಾಗಿಯೇ ನಡೆದಿರಲಿ, ಆದೇಶಕ್ಕೆ ಸಹಿ ಹಾಕಿದ ಕುರ್ಚಿ ಒಂದು ಮೆಟ್ಟಿಲು ಕೆಳಗಿನದಾದರೆ ಆದೇಶ ಬಿದ್ದುಹೋಗುತ್ತದೆ. ಲಂಚದ ಕೇಸಿನಲ್ಲಿ ನೌಕರನ ಮೇಲೆ ಮೊಕದ್ದಮೆ ನಡೆಸಬೇಕಾದರೂ 1988ರ ಭ್ರಷ್ಟಾಚಾರ ತಡೆ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಮಂಜೂರಾತಿ ಬೇಕು. ಅದನ್ನು ಕೊಡಬೇಕಾದವರು, ಆ ನೌಕರನನ್ನು ಕೆಲಸದಿಂದ ತೆಗೆಯಲು ಕಾಂಪಿಟೆಂಟ್ ಆದವರು. ಅದಕ್ಕೇ ವಕೀಲರು ಮೊದಲು ನೋಡುವುದು ಆದೇಶದಲ್ಲಿ ಏನಿದೆ ಅಂತಲ್ಲ, ಕೆಳಗೆ ಯಾರ ಸಹಿ ಇದೆ ಅಂತ.

ಪಕ್ಕದ ಮನೆಯ ಪದಗಳ ಬಗ್ಗೆಯೂ ಸ್ವಲ್ಪ ಹೇಳಿಬಿಡುತ್ತೇನೆ, ಯಾಕಂದರೆ ತಪ್ಪಾಗುವುದು ಅಲ್ಲೇ. ‘ಸಂಬಂಧಪಟ್ಟ ಅಧಿಕಾರಿ’ ಬೇರೆ, ‘ಸಕ್ಷಮ ಅಧಿಕಾರಿ’ ಬೇರೆ. ಕಡತ ಯಾರ ಟೇಬಲ್ ಮೇಲಿದೆಯೋ ಅವರು ಸಂಬಂಧಪಟ್ಟವರು, ಅದರ ಕೊನೆಗೆ ಆದೇಶ ಹೊರಡಿಸಬಲ್ಲವರು ಸಕ್ಷಮರು. ನನ್ನ ಆ ಯಜಮಾನರ ಅರ್ಜಿಗೆ ಸಂಬಂಧಪಟ್ಟವನು ನಾನೇ, ಸಕ್ಷಮ ಅಂತೂ ಖಂಡಿತ ಆಗಿರಲಿಲ್ಲ. ಅಂದಹಾಗೆ ಇಂಗ್ಲಿಷಿನಲ್ಲಿ ಬರೆಯುವಾಗ ನಾವು ‘ಕನ್ಸರ್ನ್ಡ್ ಆಫೀಸರ್’ ಅಂತ ಬರೆದುಬಿಡುತ್ತೇವೆ. ಹಾಗೆ ಮುಂದೆ ಬಂದರೆ ಅದಕ್ಕೆ ಚಿಂತೆಯಲ್ಲಿರುವ ಅಧಿಕಾರಿ ಅನ್ನುವ ಅರ್ಥವೂ ಬರುತ್ತದೆ. ‘ಆಫೀಸರ್ ಕನ್ಸರ್ನ್ಡ್’ ಅಂತ ಹಿಂದಕ್ಕೆ ಹಾಕಬೇಕು. ‘ಆಥರೈಸ್ಡ್’ ಇನ್ನೊಂದು. ಕಾಂಪಿಟೆಂಟ್ ಆದವರಿಗೆ ಅಧಿಕಾರ ಬರುವುದು ಕಾನೂನಿನಿಂದ, ಆಥರೈಸ್ಡ್ ಆದವರಿಗೆ ಸಾಮಾನ್ಯವಾಗಿ ಇನ್ನೊಬ್ಬರು ಕೊಟ್ಟದ್ದು. ಕಂಪನಿಯ ಚೆಕ್ಕಿಗೆ ಸಹಿ ಹಾಕುವವರು ಆಥರೈಸ್ಡ್. ‘ಅಥಾರಿಟೇಟಿವ್’ ಅಂದರೆ ನೆಚ್ಚಬಹುದಾದ, ಪ್ರಮಾಣ ಅಂತ ಒಪ್ಪುವಂಥದ್ದು. ‘ಅಥಾರಿಟೇರಿಯನ್’ ಅಂದರೆ ದರ್ಪದ್ದು, ನಾನು ಹೇಳಿದ್ದೇ ಆಗಬೇಕು ಅನ್ನುವ ಜಾತಿಯದು. ಈ ಕೊನೆಯ ಎರಡನ್ನು ಅದಲುಬದಲು ಮಾಡಿದರೆ ಮೇಷ್ಟರನ್ನು ಹೊಗಳಲು ಹೋಗಿ ಬೈದ ಹಾಗಾಗುತ್ತದೆ.

ಬಳಕೆ ಬಗ್ಗೆ ಒಂದು ಸುಳಿವು. ಪದ ಆದ ಮೇಲೆ ಏನು ಬರುತ್ತದೆ ನೋಡಿ. ಒಬ್ಬರು ಎಕ್ಸೆಲ್‌ನಲ್ಲಿ ಕಾಂಪಿಟೆಂಟ್, ಮರಾಠಿಯಲ್ಲಿ ಕಾಂಪಿಟೆಂಟ್ ಅಂತ ‘ಇನ್’ ಬಂದರೆ ಅದು ಕೌಶಲದ ಮಾತು. ಒಂದು ಹುದ್ದೆಯ ಹೆಸರು ಹೇಳಿ, ‘ಕಾಂಪಿಟೆಂಟ್ ಟು’ ಅಂತ ಬಂದು, ಆಮೇಲೆ ಆದೇಶಿಸಲು, ಮಂಜೂರು ಮಾಡಲು, ವಿಚಾರಣೆ ನಡೆಸಲು ಅನ್ನುವಂಥ ಕ್ರಿಯಾಪದ ಬಂದರೆ ಬಹುಮಟ್ಟಿಗೆ ಅಧಿಕಾರದ ಮಾತು. ಇಲ್ಲ ಅನ್ನಬೇಕಾದಾಗ ಹುಷಾರು. ಕಚೇರಿ ಪತ್ರದಲ್ಲಿ ‘ನಾಟ್ ಕಾಂಪಿಟೆಂಟ್ ಟು’ ನಡೆಯುತ್ತದೆ. ‘ಇನ್‌ಕಾಂಪಿಟೆಂಟ್’ ಅಂತ ಮಾತ್ರ ಬರೆಯಬೇಡಿ, ಅದು ಬೈಗುಳ. ಇನ್ನು ರೆಸ್ಯೂಮೆಯಲ್ಲಿ ಎಲ್ಲರೂ ತಮ್ಮನ್ನು ಕಾಂಪಿಟೆಂಟ್ ಅಂದುಕೊಳ್ಳುತ್ತಾರಲ್ಲ, ಇಂಗ್ಲಿಷಿನವರ ಕಿವಿಗೆ ಅದು ದೊಡ್ಡ ಹೊಗಳಿಕೆಯೇನಲ್ಲ. ಸಂಗೀತ ಕಛೇರಿ ಮುಗಿಸಿ ಬಂದ ಗಾಯಕರಿಗೆ ‘ಪರವಾಗಿಲ್ಲ, ಶ್ರುತಿ ತಪ್ಪಲಿಲ್ಲ’ ಅಂದ ಹಾಗೆ.

ಒಂದು ದೂರು ನನ್ನದೂ ಇದೆ. ಕೇಂದ್ರ ಸರ್ಕಾರದ ಸುತ್ತೋಲೆಗಳ ಕೊನೆಯಲ್ಲಿ ‘ಸಕ್ಷಮ ಪ್ರಾಧಿಕಾರದ ಅನುಮೋದನೆಯೊಂದಿಗೆ ಇದನ್ನು ಹೊರಡಿಸಲಾಗಿದೆ’ ಅನ್ನುವ ಸಾಲು ಬರುತ್ತದೆ. ಯಾರದು ಅನುಮೋದನೆ? ಕಾರ್ಯದರ್ಶಿಯದೋ, ಸಚಿವರದೋ? ಹೇಳುವುದಿಲ್ಲ. ಕಾನೂನಿನಲ್ಲಿ ‘ಯಾರು’ ಅಂತ ತೋರಿಸಲು ಹುಟ್ಟಿದ ಪದವನ್ನು ಹೀಗೆ ‘ಯಾರು’ ಅನ್ನುವುದನ್ನು ಮುಚ್ಚಲು ಬಳಸುತ್ತಾರೆ. ನಿಮ್ಮ ಬ್ಯಾಂಕಿನ ಪತ್ರದಲ್ಲಿ ಆಗಿರುವುದೂ ಅದೇ ಅನ್ನಿಸುತ್ತದೆ. ಯಾರ ಸರ್ಟಿಫಿಕೇಟ್ ಬೇಕು ಅಂತ ಬರೆದವರಿಗೇ ಖಾತ್ರಿ ಇಲ್ಲದಿದ್ದಾಗ ಈ ಪದ ಬಹಳ ಅನುಕೂಲ.

ಈಗ ನಿಮ್ಮ ಕೆಲಸಕ್ಕೆ ಬರೋಣ. ‘ವಾರಸುದಾರರ ಪ್ರಮಾಣಪತ್ರ’ ಅನ್ನುವ ಮಾತಿನಲ್ಲಿ ಜನ ಎರಡು ಮೂರು ಬೇರೆ ಬೇರೆ ಕಾಗದಗಳನ್ನು ಸೇರಿಸಿಬಿಡುತ್ತಾರೆ. ಒಂದು, ತೀರಿಕೊಂಡವರ ಮನೆಯಲ್ಲಿ ಯಾರ್ಯಾರು ಉಳಿದಿದ್ದಾರೆ ಅಂತ ಕಂದಾಯ ಇಲಾಖೆ ಕೊಡುವ ಪತ್ರ. ಇದಕ್ಕೂ ವಂಶವೃಕ್ಷಕ್ಕೂ ನಾಡಕಚೇರಿಯಲ್ಲಿ ಅರ್ಜಿ ಹಾಕಬಹುದು. ಇನ್ನೊಂದು, 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಡಿ ಸಿಗುವ ಸಕ್ಸೆಷನ್ ಸರ್ಟಿಫಿಕೇಟ್. ತೀರಿಕೊಂಡವರಿಗೆ ಬರಬೇಕಾದ ಸಾಲ, ಠೇವಣಿ, ಷೇರು ಇಂಥವನ್ನು ವಸೂಲು ಮಾಡಲು ಅದು ಬೇಕಾಗುತ್ತದೆ. ಅದನ್ನು ಕೊಡಲು ಸಕ್ಷಮ ಆಗಿರುವುದು ಕೋರ್ಟು ಮಾತ್ರ, ತಹಶೀಲ್ದಾರರು ಎಷ್ಟೇ ದಕ್ಷರಾಗಿದ್ದರೂ ಅವರಿಂದ ಆಗಲ್ಲ. ತಂದೆಯವರು ಕೊನೆಯಲ್ಲಿ ಎಲ್ಲಿ ವಾಸವಿದ್ದರೋ ಆ ಊರಿನ ವ್ಯಾಪ್ತಿಯ ಕೋರ್ಟಿಗೆ ಹೋಗಬೇಕು. ವಕೀಲರ ಫೀ, ಮೊತ್ತದ ಮೇಲೆ ಕೋರ್ಟ್ ಫೀ, ತಿಂಗಳುಗಟ್ಟಲೆ ಓಡಾಟ ಎಲ್ಲ ಇದೆ.

ಹಾಗಾಗಿ ಕೋರ್ಟಿಗೆ ಓಡುವ ಮುಂಚೆ ಬ್ಯಾಂಕಿಗೇ ಮತ್ತೆ ಹೋಗಿ. ಮೊತ್ತ ಕಮ್ಮಿ ಇದ್ದು, ವಾರಸುದಾರರಲ್ಲಿ ಜಗಳ ಇಲ್ಲದಿದ್ದರೆ, ಎಲ್ಲರಿಂದ ಅಫಿಡವಿಟ್ಟು ಮತ್ತು ನಷ್ಟಭರ್ತಿ ಪತ್ರ ತೆಗೆದುಕೊಂಡು ಹಣ ಕೊಡುವ ಪದ್ಧತಿ ಬ್ಯಾಂಕುಗಳಲ್ಲಿದೆ, ಅದನ್ನು ಮೊದಲು ವಿಚಾರಿಸಿ. ಬಾಯಿಮಾತಿನಲ್ಲಿ ಕೇಳಿದರೆ ಮತ್ತೆ ‘ಕಾಂಪಿಟೆಂಟ್ ಅಥಾರಿಟಿ ಸಾರ್’ ಅಂತಲೇ ಬರುತ್ತದೆ. ಒಂದು ಬಿಳಿ ಹಾಳೆಯಲ್ಲಿ ಹೀಗೆ ಬರೆದು ಕೊಡಿ: ‘ತಾವು ಕೇಳಿರುವ ಪ್ರಮಾಣಪತ್ರವನ್ನು ಯಾವ ಕಾಯ್ದೆಯಡಿ, ಯಾವ ಅಧಿಕಾರಿಯಿಂದ ಅಥವಾ ಯಾವ ನ್ಯಾಯಾಲಯದಿಂದ ತರಬೇಕೆಂದು ಲಿಖಿತವಾಗಿ ತಿಳಿಸಬೇಕಾಗಿ ಕೋರುತ್ತೇನೆ.’ ಎರಡು ಪ್ರತಿ ಮಾಡಿಸಿ. ನಿಮ್ಮ ಪ್ರತಿಯ ಮೇಲೆ ತಾರೀಕು ಸಮೇತ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಆ ಸೀಲು ಹಾಕಲು ಕೌಂಟರಿನಲ್ಲಿ ಕೂತ ಹುಡುಗನೇ ಸಾಕಷ್ಟು ಸಕ್ಷಮ.